ಮಾವನವರ ‘ಅಲ್ಲ’

ನಮ್ಮ ಮಾವನವರಿಗೆ ಉಳಿದಿರುವುದು ಒಂದೇ ಮಾತು. ಅದು ‘ಅಲ್ಲ’.

ಟೀ ಬೇಕಾ ಎಂದು ಕೇಳಿದರೆ ಲೋಕದಲ್ಲಿ ಉಳಿದವರೆಲ್ಲ ಬೇಕು ಅನ್ನುತ್ತಾರೆ, ಇಲ್ಲವೇ ಬೇಡ ಅನ್ನುತ್ತಾರೆ. ನಮ್ಮ ಮಾವ ‘ಅಲ್ಲ’ ಅನ್ನುತ್ತಾರೆ. ಹಾಗೆಂದರೆ ಬೇಕು ಎಂದರ್ಥ. ಫ್ಯಾನ್ ಹಾಕಲಾ ಎಂದರೂ ಅಲ್ಲ, ಆರಿಸಲಾ ಎಂದರೂ ಅಲ್ಲ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಇಣುಕಿ "ಹೇಗಿದ್ದೀರಿ ಸಾರ್?" ಎಂದರೆ ಬಾಯ್ತುಂಬ ನಗುತ್ತ "ಅಲ್ಲ" ಅನ್ನುತ್ತಾರೆ. ಹನ್ನೆರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಅವರ ಎಡಗಡೆಯ ಕೈಕಾಲು ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಕಾಲು ಕೋಲೂರಿ ನಡೆಯುವಷ್ಟು ಚೇತರಿಸಿಕೊಂಡಿತು. ಕೈ ಚೇತರಿಸಿಕೊಳ್ಳಲಿಲ್ಲ. ಮಾತುಗಳ ಪೈಕಿ ಇದೊಂದು ಹೇಗೋ ವಾಪಸ್ ಬಂತು, ಮನೆಯವರೆಲ್ಲ ಅದನ್ನು ‘ಹೂಂ’ ಎಂದು ತಿಳಿದುಕೊಳ್ಳುವುದನ್ನು ರೂಢಿ ಮಾಡಿಕೊಂಡರು.

ನಾನು ಬಂದದ್ದು ಅದಾದ ಮೂರು ವರ್ಷಕ್ಕೆ. ಮದುವೆಗೆ ಮೊದಲು ಒಂದು ಸಂಜೆ ನಮ್ಮವರು ನನ್ನನ್ನು ಮನೆಗೆ ಕರೆದುಕೊಂಡು ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಾವನವರ ಎದುರು ನಿಲ್ಲಿಸಿ, "ಅಪ್ಪ, ನಾನು ಹೇಳಿದ್ನಲ್ಲ, ಇವಳೇ. ಒಪ್ಪಿಗೆನಾ?" ಎಂದರು. ಮಾವ ನನ್ನನ್ನು ಒಮ್ಮೆ ನೋಡಿ, ಗಟ್ಟಿಯಾಗಿ, "ಅಲ್ಲ" ಎಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಅತ್ತೆ ಗೇಟಿನ ತನಕ ಓಡಿಬಂದು ನನ್ನ ತೋಳು ಹಿಡಿದರು. "ಅಯ್ಯೋ ತಾಯಿ, ನಂಗೂ ಹಾಗೇ ಅಂತಾರೆ ಕಣಮ್ಮ. ಒಳಗೆ ಬಾ. ನಿನ್ನ ಕಂಡು ಎಷ್ಟು ಖುಷಿಯಾಗಿದೆ ಗೊತ್ತಾ ಅವರಿಗೆ?" ಒಳಗೆ ಹೋದರೆ ಮಾವ ಅಪರಾಧಿಯ ಹಾಗೆ ಬಾಗಿಲನ್ನೇ ನೋಡುತ್ತಿದ್ದರು. ಪಕ್ಕದ ಮೇಜಿನ ಮೇಲಿದ್ದ ನುಣುಪಾದ ಹಸಿರು ಕಲ್ಲೊಂದನ್ನು ಬಲಗೈಯಲ್ಲಿ ಎತ್ತಿ ನನಗೆ ಕೊಟ್ಟರು. ಆ ಕಲ್ಲು ಈಗಲೂ ನನ್ನ ಕೈಚೀಲದಲ್ಲಿದೆ.

ಕಲ್ಲು ಅವರ ಕಸುಬು. ಭೂವಿಜ್ಞಾನ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಬೆಟ್ಟಗುಡ್ಡ ಅಲೆದು ಬಂಡೆ ಅಳೆದವರು. ಎಲ್ಲರೂ ‘ಬಂಡೆ ಸಾಹೇಬ್ರು’ ಎನ್ನುತ್ತಿದ್ದರಂತೆ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಪ್ಯಾಂಟಿನ ಜೇಬುಗಳು ಕಲ್ಲಿನ ಭಾರಕ್ಕೆ ಹರಿದು ಜೋತಾಡುತ್ತಿದ್ದವು. ಅತ್ತೆ ಒಳಗೆ ದಪ್ಪ ಬಟ್ಟೆ ಕೊಟ್ಟು ಹೊಲಿದು ಹೊಲಿದು ಸಾಕಾಗಿ, ಕೊನೆಗೆ ಒಂದು ಚೀಲವನ್ನೇ ಸೊಂಟಕ್ಕೆ ಕಟ್ಟಿ ಕಳಿಸಿದರು. ನಮ್ಮ ಮನೆಯಲ್ಲಿ ಬಾಗಿಲು ಬಡಿಯದಂತೆ ಇಟ್ಟಿರುವುದು ಕಲ್ಲು, ಕಾಗದ ಹಾರದಂತೆ ಇಟ್ಟಿರುವುದು ಕಲ್ಲು, ಬಚ್ಚಲಲ್ಲಿ ಹಿಮ್ಮಡಿ ಉಜ್ಜುವುದಕ್ಕೂ ಒಂದು ಕಲ್ಲು. "ನನ್ನ ಕೈ ಹಿಡಿಯೋಕೆ ಮುಂಚೆನೇ ಇವರಿಗೆ ಕಲ್ಲಿನ ಜೊತೆ ಮದುವೆ ಆಗಿತ್ತು. ನಾನು ಎರಡನೇ ಸಂಸಾರ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಮಾವ ಅದನ್ನು ಪ್ರತಿ ಸಲವೂ ಕೇಳಿ ಪ್ರತಿ ಸಲವೂ ನಗುತ್ತಾರೆ.

ನಾನು ಅದೇ ಇಲಾಖೆಯ ನಕ್ಷೆ ಕೋಣೆಗೆ ಸೇರಿದ್ದು ಮದುವೆಯಾದ ಎರಡನೇ ವರ್ಷ, ಪರೀಕ್ಷೆ ಬರೆದು, ಯಾರ ಕೈಕಾಲೂ ಹಿಡಿಯದೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮಾವನವರ ಶಿಫಾರಸು ಎಂದು ಹಿಂದಿನಿಂದ ಆಡಿಕೊಂಡವರಿದ್ದಾರೆ. ಒಂದೇ ಮಾತು ಬರುವ ಮನುಷ್ಯ, ಅದೂ ‘ಅಲ್ಲ’ ಎಂಬ ಮಾತು ಬರುವ ಮನುಷ್ಯ, ಶಿಫಾರಸು ಮಾಡುವುದಾದರೂ ಹೇಗೆ? ಆ ಕೋಣೆಯಲ್ಲಿ ಏಳು ಕಂಪ್ಯೂಟರ್, ಸದಾ ಎಳೆದೇ ಇರುವ ಪರದೆ, ಬಕೆಟ್ಟಿಗೆ ತೊಟ್ಟಿಕ್ಕುವ ಏಸಿ, ಗೋಡೆಯುದ್ದಕ್ಕೂ ಹಳೆಯ ನಕ್ಷೆಗಳನ್ನು ಮಲಗಿಸಿಟ್ಟ ಅಗಲವಾದ ಡ್ರಾಯರುಗಳು. ಕಾಗದದ ಮೇಲಿದ್ದದ್ದನ್ನೆಲ್ಲ ಡಿಜಿಟಲ್ ನಕ್ಷೆಗೆ ತರುವುದು ನಮ್ಮ ಕೆಲಸ. ನದಿಗಳದ್ದು ಒಂದು ಪದರ, ರಸ್ತೆಗಳದ್ದು ಒಂದು, ಊರುಗಳದ್ದು ಒಂದು, ಬಂಡೆಗಳದ್ದು ಇನ್ನೊಂದು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಬೇಕಾದ್ದನ್ನು ತೋರಿಸಬಹುದು, ಬೇಡದ್ದನ್ನು ಅಡಗಿಸಬಹುದು.

ಬಂಡೆ ಅಂದರೆ ಗಟ್ಟಿ, ಅಲುಗಾಡದ್ದು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗೇನೂ ಇಲ್ಲ. ಲಕ್ಷಾಂತರ ವರ್ಷ ಎರಡೂ ಕಡೆಯಿಂದ ಒತ್ತಡ ಬಿದ್ದರೆ ಬಂಡೆಯ ಪದರಗಳೂ ಬಾಗುತ್ತವೆ, ಮಡಚಿಕೊಳ್ಳುತ್ತವೆ. ಒಂದು ಕಡೆ ಕಮಾನಿನ ಹಾಗೆ ಮೇಲೆದ್ದರೆ ಇನ್ನೊಂದು ಕಡೆ ತೊಟ್ಟಿಲಿನ ಹಾಗೆ ಕೆಳಗಿಳಿಯುತ್ತವೆ. ನೆಲದ ಮೇಲೆ ನಿಂತವರಿಗೆ ಕಮಾನೂ ಕಾಣುವುದಿಲ್ಲ, ತೊಟ್ಟಿಲೂ ಕಾಣುವುದಿಲ್ಲ. ಕಾಣುವುದು ಅಲ್ಲೊಂದು ಇಲ್ಲೊಂದು ಮಣ್ಣಿನಿಂದ ತಲೆ ಎತ್ತಿದ ಬಂಡೆಯ ತುಣುಕು, ಅಷ್ಟೇ. ಅಳೆಯುವವರು ಅಂಥ ಪ್ರತಿ ತುಣುಕಿನ ಬಳಿ ಕೂತು ಎರಡು ಅಂಕಿ ಬರೆದುಕೊಳ್ಳಬೇಕು: ಪದರ ಹಾದುಹೋಗುವ ದಿಕ್ಕು, ಅದು ಎಷ್ಟು ವಾಲಿದೆ ಎನ್ನುವುದು. ಆ ಎರಡು ಅಂಕಿಯನ್ನು ನಾವು ಕಂಪ್ಯೂಟರಿಗೆ ಕೊಟ್ಟರೆ ಅದು ನಕ್ಷೆಯ ಮೇಲೆ ಒಂದು ಪುಟ್ಟ ಗೆರೆ ಎಳೆದು, ಪದರ ಯಾವ ಕಡೆಗೆ ವಾಲಿದೆಯೋ ಆ ಕಡೆಗೆ ಒಂದು ಮುಳ್ಳು ಹಾಕುತ್ತದೆ. ಸಾವಿರಾರು ಮುಳ್ಳು ಸೇರಿದಾಗ ನೆಲದಡಿಯ ಕಮಾನುಗಳೂ ತೊಟ್ಟಿಲುಗಳೂ ಸ್ಕ್ರೀನಿನ ಮೇಲೆ ಮೆಲ್ಲಗೆ ಎದ್ದು ಬರುತ್ತವೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಗಳಿಗೆ ಅದೇ.

ಇಡೀ ನಾಡಿನ ನಕ್ಷೆಯನ್ನು ಚೌಕ ಚೌಕವಾಗಿ ಹಾಳೆಗಳಾಗಿ ಹಂಚಿದ್ದಾರೆ. ಅದರಲ್ಲಿ ನಲವತ್ತೇಳನೇ ಹಾಳೆ ಮಾವನವರದು. ಹನ್ನೊಂದು ವರ್ಷ ಅವರು ನಡೆದದ್ದು ಆ ಒಂದು ಹಾಳೆಯೊಳಗೆ. ಅವರೇ ಕೈಯಿಂದ ಬರೆದ ನಕ್ಷೆ ಇದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ ದಾಖಲೆ ಕೋಣೆಯ ಮಾಡು ಸೋರಿ ಅದು ಎಂದೋ ಗಂಜಿಯಾಗಿತ್ತು. ಉಳಿದದ್ದು ಮೂವತ್ತೊಂದು ನೋಟ್ ಪುಸ್ತಕ, ಅವುಗಳಲ್ಲಿ ಎರಡು ಸಾವಿರದ ಮುನ್ನೂರ ಹದಿನಾರು ಅಳತೆ. ಅದನ್ನು ನಾನೇ ಮಾಡುತ್ತೇನೆಂದು ಕೇಳಿ ಪಡೆದೆ. ನಾಲ್ಕು ತಿಂಗಳು ಹಿಡಿಯಿತು. ಸಂಜೆ ಮನೆಗೆ ಬಂದು, ಅನುಮತಿ ಪಡೆದು ತಂದ ಪುಸ್ತಕವನ್ನು ಮಾವನವರ ಪಕ್ಕದಲ್ಲಿ ಕೂತು ಓದುತ್ತಿದ್ದೆ. "ಹಳೇ ಸೇತುವೆ ಹತ್ತಿರ, ದಿಕ್ಕು ಇನ್ನೂರ ಹದಿನಾಲ್ಕು, ವಾಲು ಮೂವತ್ತೈದು. ಬಿಸಿಲು ವಿಪರೀತ, ನೀರು ಖಾಲಿ. ಹೌದಾ ಮಾವ?" "ಅಲ್ಲ," ಎಂದು ಅವರು ಕಣ್ಣು ಮುಚ್ಚಿ ನಗುತ್ತಿದ್ದರು. ನನ್ನ ಸ್ವಂತ ಅಪ್ಪ ನಾನು ಆರು ವರ್ಷದವಳಿದ್ದಾಗ ಹೋದವರು. ಕುರ್ಚಿ ಎಳೆದುಕೊಂಡು ಒಬ್ಬ ಅಪ್ಪನ ಪಕ್ಕ ಕೂತು ಓದಿ ಹೇಳುವುದು ಎಂದರೇನು ಎಂದು ನನಗೆ ಗೊತ್ತಾದದ್ದು ಆ ನಾಲ್ಕು ತಿಂಗಳಲ್ಲಿ.

ಕೊನೆಯ ಅಳತೆ ಹಾಕಿದ್ದು ಒಂದು ಸೋಮವಾರ. ಸುತ್ತಲಿನ ಹಾಳೆಗಳ ಜೊತೆ ಜೋಡಿಸಿ ಒಮ್ಮೆಲೇ ತೆರೆದೆ. ಉತ್ತರದ ಹಾಳೆಯಿಂದ ಕಮಾನಾಗಿ ಬಂದ ಬಂಡೆ ನಮ್ಮ ಹಾಳೆಯ ಗಡಿ ದಾಟುತ್ತಲೇ ತೊಟ್ಟಿಲಾಗಿಬಿಡುತ್ತಿತ್ತು. ದಕ್ಷಿಣದಿಂದ ತೊಟ್ಟಿಲಾಗಿ ಬಂದದ್ದು ಇಲ್ಲಿ ಕಮಾನಾಗುತ್ತಿತ್ತು. ನಾಲ್ಕೂ ಗಡಿಯಲ್ಲಿ ಅದೇ ಅವಾಂತರ. ಇಡೀ ನಾಡಿನ ನಕ್ಷೆಯಲ್ಲಿ ನಮ್ಮ ಮಾವನವರ ಹಾಳೆ ಒಂದೇ ತಲೆಕೆಳಗಾಗಿ ನಿಂತಿತ್ತು.

ನಮ್ಮ ಮೇಡಂ, ಅಂದರೆ ನಕ್ಷೆ ಕೋಣೆಯ ಮುಖ್ಯಸ್ಥೆ, ಕಡ್ಡಿ ಮುರಿದಂತೆ ಮಾತಾಡುವವರು. ನನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಪ್ರತಿ ಮುಳ್ಳನ್ನೂ ಆ ಕಡೆಯಿಂದ ಈ ಕಡೆಗೆ ತಿರುಗಿಸಿದ್ರೆ ಸರಿಹೋಗುತ್ತೆ ಮೇಡಂ. ಒಂದು ಗುಂಡಿ ಒತ್ತಿದ್ರೆ ಆಯ್ತು," ಎಂದೆ.

"ಅದು ನಂಗೂ ಕಾಣುತ್ತೆ. ಆದ್ರೆ ಸರಿಹೋಗ್ಲಿ ಅಂತ ಅಂಕಿ ತಿರುಗಿಸೋದಕ್ಕೆ ಸುಳ್ಳು ಅಂತಾರೆ. ಯಾಕೆ ತಿರುಗಿದೆ ಅಂತ ಗೊತ್ತಾಗ್ಬೇಕು. ಅಳೆದವರು ನಿಮ್ಮ ಮನೆಯಲ್ಲೇ ಇದ್ದಾರಲ್ಲ, ಕೇಳಿ. ಬಲಗೈ ನಿಯಮದ ಪ್ರಕಾರ ಅಳೆದ್ರಾ ಅಂತ."

ಬಲಗೈ ನಿಯಮ ನಮ್ಮ ಕಸುಬಿನ ಅ ಆ ಇ ಈ. ವಾಲಿದ ಬಂಡೆಯ ಮೇಲೆ ಬಲ ಅಂಗೈ ಊರಬೇಕು, ಬೆರಳುಗಳು ಇಳಿಜಾರಿನ ಕಡೆಗಿರಬೇಕು. ಆಗ ಹೆಬ್ಬೆರಳು ತೋರಿಸುವುದೇ ದಿಕ್ಕು. ಅದನ್ನೇ ಬರೆದುಕೊಳ್ಳಬೇಕು. ಆ ಸಂಜೆ ಕೈಚೀಲ ಕೂಡ ಇಳಿಸದೆ ಮಾವನವರ ಎದುರು ನಿಂತು ಕೇಳಿದೆ. "ಮಾವ, ನೀವು ಬಲಗೈ ಇಟ್ಟೇ ಅಳೆದಿದ್ದು ತಾನೇ?"

"ಅಲ್ಲ," ಎಂದರು ಮಾವ.

"ಗೊತ್ತಿತ್ತು ನಂಗೆ," ಎಂದು ಸಮಾಧಾನದಿಂದ ಮುಖ ತೊಳೆಯಲು ಹೋದೆ. ಮರುದಿನ ಮೇಡಂ ಮುಂದೆ ತಲೆ ಎತ್ತಿ ಹೇಳಿದೆ: "ನಮ್ಮ ಮಾವ ನಿಯಮ ಬಿಟ್ಟು ಒಂದು ಹೆಜ್ಜೆ ಇಟ್ಟವರಲ್ಲ. ಕೇಳಿದೀನಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮಟ್ಟಿಗೆ ಅದು ಒಳ್ಳೆಯ ಲಕ್ಷಣವಲ್ಲ. "ಹಾಗಾದ್ರೆ ಅಳತೆಗಳೇ ಕೆಟ್ಟಿವೆ ಅಂತಾಯ್ತು. ದಿಕ್ಸೂಚಿ ಕೆಟ್ಟಿತ್ತೋ, ಕೂತಲ್ಲೇ ಬರೆದ್ರೋ, ಯಾರಿಗೆ ಗೊತ್ತು? ಮತ್ತೆ ಅಳೆಯೋಣ ಅಂದ್ರೆ ಅರ್ಧ ಜಾಗ ಅಣೆಕಟ್ಟಿನ ನೀರೊಳಗಿದೆ, ಉಳಿದಿದ್ದನ್ನ ಕಲ್ಲುಕ್ವಾರಿ ತಿಂದಿದೆ. ಬೆಟ್ಟ ಕೊರೆದು ರಸ್ತೆ ಮಾಡೋರು ಈ ನಕ್ಷೆ ನಂಬ್ಕೊಂಡು ಕೊರೀತಾರೆ. ನಾನು ಇದನ್ನ ಬಿಡೋಕಾಗಲ್ಲ. ಬರೋ ಸೋಮವಾರ ಅಚ್ಚಿಗೆ ಹೋಗುತ್ತೆ. ಆ ಹಾಳೆ ಖಾಲಿ ಬಿಟ್ಟು ಕೆಳಗೆ ‘ಲಭ್ಯ ಅಳತೆಗಳು ನಂಬಲರ್ಹವಲ್ಲ’ ಅಂತ ಹಾಕಿ."

ಆ ಸಾಲನ್ನು ನನ್ನ ಕೈಯಿಂದಲೇ ಬೆರಳಚ್ಚು ಮಾಡಿಸಿದರು. ಹನ್ನೊಂದು ವರ್ಷದ ನಡಿಗೆಯ ಜಾಗದಲ್ಲಿ ಒಂದು ಬಿಳಿ ಚೌಕ, ಕೆಳಗೆ ನನ್ನ ಕೈಯ ಸಾಲು.

ನನ್ನ ಕೋಪದ ಬಗ್ಗೆ ಹೇಳಿದೆನಲ್ಲ. ಅದಕ್ಕೆ ಒಂದು ಕೆಟ್ಟ ಚಾಳಿಯಿದೆ. ಬರಬೇಕಾದವರ ಮೇಲೆ ಬರುವುದಿಲ್ಲ, ಮನೆಗೆ ಹೊತ್ತುಕೊಂಡು ಬಂದು ಎದುರು ಸಿಕ್ಕ ಬಡಪಾಯಿಯ ಮೇಲೆ ಇಳಿಯುತ್ತದೆ. ಮಂಗಳವಾರ ಸಂಜೆ ಮಾವನವರಿಗೆ ಎಲ್ಲ ಹೇಳಿದೆ. ಬಿಳಿ ಚೌಕ, ಕೆಳಗಿನ ಸಾಲು, ಏನನ್ನೂ ಬಿಡದೆ. ಅವರು ಕುರ್ಚಿಯಿಂದ ಅರ್ಧ ಎದ್ದು, "ಅಲ್ಲ, ಅಲ್ಲ," ಎಂದರು. ಬಲಗೈಯಿಂದ ನನ್ನ ಸೆರಗು ಹಿಡಿದು ಎಳೆದರು. "ಅಲ್ಲ."

"ಸಾಕು ಮಾಡಿ ಮಾವ ನಿಮ್ಮ ‘ಅಲ್ಲ’ನ. ಹೌದಕ್ಕೂ ಅದೇ, ಇಲ್ಲಕ್ಕೂ ಅದೇ. ಅದನ್ನ ಕಟ್ಟಿಕೊಂಡು ನಾನೇನು ಮಾಡ್ಲಿ?" ಎಂದು ಕಿರುಚಿದೆ.

ಅವರ ಕೈ ಸೆರಗು ಬಿಟ್ಟಿತು. ಮೆಲ್ಲಗೆ ಕೂತರು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಅಂದಿನಿಂದ ಮಾವ ಆ ಮಾತನ್ನೂ ಬಿಟ್ಟುಬಿಟ್ಟರು. ಟೀ ಬೇಕಾ ಎಂದರೆ ಮೌನ. ಫ್ಯಾನ್ ಹಾಕಲಾ ಎಂದರೆ ಮೌನ. ಪಕ್ಕದ ಮನೆಯವರು ಹೇಗಿದ್ದೀರಿ ಎಂದು ಕೂಗಿದರೂ ತಿರುಗಿ ನೋಡಲಿಲ್ಲ. ಒಂದು ಮಾತಿನಿಂದ ಮನೆ ಇಷ್ಟು ತುಂಬಿತ್ತೆಂದು ನಮಗ್ಯಾರಿಗೂ ತಿಳಿದಿರಲಿಲ್ಲ. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಮ್ಮವರು ತಮ್ಮ ಕನ್ನಡಕದ ಅಂಗಡಿ ಮುಚ್ಚಿ ಬಂದು, ಅಪ್ಪನ ಮುಖ, ಅಮ್ಮನ ಮುಖ, ನನ್ನ ಮುಖ ಮೂರನ್ನೂ ನೋಡಿ ತೆಪ್ಪಗೆ ಊಟಕ್ಕೆ ಕೂತರು. ಇರುವುದು ಒಂದೇ ಮಾತು, ಅದನ್ನೂ ಕಿತ್ತುಕೊಂಡೆನಲ್ಲ ಎಂದು ಬಸ್ಸಿನಲ್ಲಿ ಹೋಗುವಾಗ, ಬರುವಾಗ ಕಣ್ಣು ಒರೆಸಿಕೊಂಡೆ. ಅವರ ಹಾಳೆ ಹೋದದ್ದಕ್ಕಿಂತ ನನಗೆ ಈಗ ಇದೇ ಹೆಚ್ಚು ಸಂಕಟವಾಗಿತ್ತು.

ಗುರುವಾರ ಸಂಜೆ ಒಣಗಿದ ಬಟ್ಟೆ ತಂದು ಮಡಚುತ್ತಿದ್ದೆ. ದಪ್ಪನೆಯ ಕಂಬಳಿ ಇನ್ನೂ ಸ್ವಲ್ಪ ಹಸಿಯಿತ್ತು. ಆರಲಿ ಎಂದು ಮಾವನವರ ಎದುರಿನ ಕುರ್ಚಿಯ ಬೆನ್ನಿನ ಮೇಲೆ ಹೊದಿಸಿದೆ. ಅದು ಎರಡೂ ಕಡೆ ಇಳಿಬಿದ್ದು ಸೊಗಸಾದ ಕಮಾನಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮಗೆ ಬಂಡೆಯ ಮಡಿಕೆ ಕಲಿಸಿದ್ದೇ ಹೀಗೆ, ಕಂಬಳಿ ಹೊದಿಸಿ. ಅಭ್ಯಾಸ ಬಲ, ಕೈ ತಾನಾಗಿಯೇ ಹೋಯಿತು. ಬಲ ಅಂಗೈಯನ್ನು ಕಂಬಳಿಯ ಇಳಿಜಾರಿನ ಮೇಲಿಟ್ಟೆ. ಬೆರಳು ಕೆಳಕ್ಕೆ. ಹೆಬ್ಬೆರಳು ಅಡುಗೆಮನೆಯನ್ನು ತೋರಿಸುತ್ತಿತ್ತು. "ಇಷ್ಟೇ ತಾನೇ ಮಾವ. ಇದರಲ್ಲಿ ತಪ್ಪೋದಾದ್ರೂ ಏನು," ಎಂದೆ, ಅವರಿಗೂ ಅಲ್ಲ, ನನಗೂ ಅಲ್ಲ ಎಂಬಂತೆ.

"ಅಲ್ಲ."

ಎರಡು ದಿನದ ಮೇಲೆ ಬಂದ ಮಾತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅವರು ಏನಂದರು ಎಂದು ಯೋಚಿಸಲೇ ಇಲ್ಲ. ಓಡಿಹೋಗಿ ಅವರ ಕಾಲ ಬಳಿ ಕೂತು, "ತಪ್ಪಾಯ್ತು ಮಾವ, ಇನ್ನು ಯಾವತ್ತೂ ಹಾಗೆ ಅನ್ನಲ್ಲ," ಎಂದು ಏನೇನೋ ಬಡಬಡಿಸಿದೆ. "ಅಲ್ಲ," ಎಂದರು ಮತ್ತೆ. "ಅಲ್ಲ." "ಹೂಂ ಮಾವ, ಹೂಂ," ಎಂದೆ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಒದ್ದೆ ಕೈಯಲ್ಲಿ ಬಂದು ನಿಂತಿದ್ದರು. "ಏನೇ ಅದು ಹೂಂ ಹೂಂ? ಅವರು ಅಲ್ಲ ಅಂತಿದ್ದಾರೆ."

"ಅವರು ಯಾವಾಗ್ಲೂ ಅದೇ ಅಲ್ವಾ ಅತ್ತೆ ಅನ್ನೋದು."

"ಇದು ಆ ‘ಅಲ್ಲ’ ಅಲ್ಲ ಕಣೇ. ಹುಬ್ಬು ನೋಡು."

ನೋಡಿದೆ. ಮಾವನವರ ಬಲಹುಬ್ಬು ಹಣೆಯ ಅರ್ಧಕ್ಕೆ ಏರಿತ್ತು.

"ಸುಮ್ನೆ ಅನ್ನೋ ‘ಅಲ್ಲ’ಕ್ಕೆ ಹುಬ್ಬು ಅಲ್ಲಾಡಲ್ಲ. ನಿಜವಾದ ‘ಅಲ್ಲ’ಕ್ಕೆ ಮೇಲೆ ಹೋಗುತ್ತೆ. ಒಂಬತ್ತು ವರ್ಷದಿಂದ ಒಂದೇ ಮನೇಲಿದೀಯ, ಇಷ್ಟೂ ತಿಳೀಲಿಲ್ವಾ ನಿಂಗೆ?"

ಅಷ್ಟರಲ್ಲಿ ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮಡಿಲಲ್ಲಿ ಮಲಗಿದ್ದ ಎಡಗೈಯನ್ನು ಬಲಗೈಯಿಂದ ಮಣಿಕಟ್ಟಿನಲ್ಲಿ ಹಿಡಿದರು. ಮಲಗಿದ ಮಗುವನ್ನು ಎತ್ತುವ ಹಾಗೆ, ಎಚ್ಚರವಾಗದಂತೆ, ಮೆಲ್ಲಗೆ ಎತ್ತಿದರು. ತಂದು ಕಂಬಳಿಯ ಅದೇ ಇಳಿಜಾರಿನ ಮೇಲೆ ಊರಿಸಿದರು. ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೆಳಕ್ಕೆ ಚಾಚಿದರು. ಕೊನೆಗೆ ಹೆಬ್ಬೆರಳನ್ನು ಎಳೆದು ನೇರ ಮಾಡಿದರು. ಅದು ಬೀದಿ ಬಾಗಿಲನ್ನು ತೋರಿಸಿತು. ಅಡುಗೆಮನೆಯ ತದ್ವಿರುದ್ಧ ದಿಕ್ಕು.

ಕೈ ಬದಲಾದರೆ ದಿಕ್ಕು ತಿರುಗುಮುರುಗು. ಎಡಗೈಯಿಂದ ಅಳೆದದ್ದನ್ನು ಬಲಗೈಯದೆಂದು ತಿಳಿದು ಹಾಕಿದರೆ ಪ್ರತಿ ಮುಳ್ಳೂ ಉಲ್ಟಾ. ಪ್ರತಿ ಕಮಾನೂ ತೊಟ್ಟಿಲು.

"ಎಡಗೈಯಲ್ಲಿ ಅಳೀತಿದ್ರಾ ಮಾವ?"

"ಅಲ್ಲ," ಎಂದರು. ಹುಬ್ಬು ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತ್ತು.

"ಮತ್ತಿನ್ಯಾವ ಕೈಯಲ್ಲಿ?" ಎಂದರು ಅತ್ತೆ. "ಹುಟ್ಟಾ ಎಡಚರು ಅವರು. ಸ್ಕೂಲಲ್ಲಿ ಮೇಷ್ಟ್ರು ಬಾರಿಸಿ ಬಾರಿಸಿ ಬರೆಯೋದೊಂದನ್ನ ಬಲಗೈಗೆ ತಂದಿದ್ರು. ಪೆನ್ಸಿಲ್ ಈ ಕೈಲಿ, ಬಾಕಿ ಎಲ್ಲಾ ಆ ಕೈಲಿ. ಆಸ್ಪತ್ರೇಲಿ ಡಾಕ್ಟರೂ ಕೇಳಿದ್ರು, ಇವರು ಎಡಚರಾ ಅಂತ. ಎಡಗಡೆ ಬಿದ್ದೋರಿಗೆ ಸಾಮಾನ್ಯವಾಗಿ ಮಾತು ಹೋಗಲ್ವಂತೆ, ಎಡಚರಲ್ಲಿ ಕೆಲವರಿಗೆ ಹೋಗುತ್ತಂತೆ."

ನಾನು ಈ ಮನೆಗೆ ಬಂದಾಗಿನಿಂದ ಆ ಕೈ ಮಡಿಲಲ್ಲೇ ಮಲಗಿತ್ತು. ಮಾವ ಊಟ ಮಾಡಿದ್ದು, ಕನ್ನಡಕ ಒರೆಸಿದ್ದು, ಕೋಲು ಹಿಡಿದದ್ದು, ನನಗೆ ಕಲ್ಲು ಕೊಟ್ಟದ್ದು ಎಲ್ಲ ಬಲಗೈಯಿಂದ. ಅವರಿಗೆ ಇನ್ನೊಂದು ಕೈಯಿತ್ತು, ಅದೇ ಅವರ ಕೈಯಾಗಿತ್ತು ಎಂದು ನಾನು ಊಹಿಸಿಯೇ ಇರಲಿಲ್ಲ. ನಮ್ಮವರು ಬಂದ ಕೂಡಲೇ ಅವರ ಮೇಲೆ ಹರಿಹಾಯ್ದೆ. "ಮಾವ ಎಡಚರು ಅಂತ ಯಾಕ್ರೀ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?" ಎಂದರು ಅವರು, ಬೂಟಿನ ದಾರ ಬಿಚ್ಚುತ್ತ.

ಆಮೇಲೆ ನನಗೆ ಸೋಮವಾರದ ಸಂಜೆ ನೆನಪಾಯಿತು. ಬಲಗೈ ಇಟ್ಟೇ ಅಳೆದಿದ್ದು ತಾನೇ ಎಂದು ಕೇಳಿದ್ದೆ. ಅಲ್ಲ ಎಂದಿದ್ದರು. ಸರಿಯಾದ ಪ್ರಶ್ನೆಗೆ ಸರಿಯಾದ ಉತ್ತರ. ಆ ಮಾತಿಗೆ ಕನ್ನಡದಲ್ಲಿ ಏನರ್ಥವೋ ಅದೇ ಅರ್ಥದಲ್ಲಿ ಅವರು ಅಂದಿದ್ದರು, ಮುಖ ನೋಡದೆ ಬಚ್ಚಲಿಗೆ ಹೋದವಳು ನಾನು. ಬಚ್ಚಲಿಗೇ ಹೋಗಿ, ನಲ್ಲಿ ಬಿಟ್ಟುಕೊಂಡು, ಮನಸಾರೆ ಅತ್ತುಬಿಟ್ಟೆ.

ಶುಕ್ರವಾರ ಮೇಡಂಗೆ ಹೇಳಿದಾಗ ಅವರು ಕನ್ನಡಕ ತೆಗೆಯಲಿಲ್ಲ. ನಾನು ಎಲ್ಲ ಅಳತೆಗಳ ದಿಕ್ಕಿಗೂ ನೂರ ಎಂಬತ್ತು ಡಿಗ್ರಿ ಕೂಡಿಸಿ ತೋರಿಸಿದೆ. ಮುಳ್ಳುಗಳೆಲ್ಲ ಒಮ್ಮೆಲೇ ಮಗ್ಗುಲು ಬದಲಿಸಿದವು. ನಾಲ್ಕೂ ಗಡಿಯಲ್ಲಿ ಕಮಾನಿಗೆ ಕಮಾನು, ತೊಟ್ಟಿಲಿಗೆ ತೊಟ್ಟಿಲು ಕೂಡಿಕೊಂಡವು. "ಚೆನ್ನಾಗಿದೆ," ಎಂದರು ಮೇಡಂ. "ಆದ್ರೆ ವರದಿಲಿ ಏನಂತ ಬರೀಲಿ? ಅತ್ತೆ ಹುಬ್ಬು ನೋಡು ಅಂದ್ರು ಅಂತಲಾ? ನೆಲದ ಮೇಲೆ ಒಂದು ಸಾಕ್ಷಿ ಬೇಕು. ಅಲ್ಲಿ ನೀರಿಗೂ ಕ್ವಾರಿಗೂ ಸಿಗದೆ ಏನಾದ್ರೂ ಉಳಿದಿದೆಯಾ?"

ಉಳಿದಿತ್ತು. ಹತ್ತೊಂಬತ್ತನೇ ಪುಸ್ತಕದ ಹಳೇ ಸೇತುವೆ. ಅಲ್ಲಿ ಸಾಲಾಗಿ ಐದು ಅಳತೆಗಳಿದ್ದವು. ನೀರು ಇಳಿದಿರುವ ಈ ದಿನಗಳಲ್ಲಿ ಆ ಬಂಡೆಗಳು ದಡದಲ್ಲಿ ಮೇಲೆದ್ದಿರುತ್ತವೆಂದು ಕಚೇರಿಯ ಜೀಪಿನ ಡ್ರೈವರ್ ಹೇಳಿದರು. "ನಾಳೆ ಬೆಳಿಗ್ಗೆ ಹೋಗೋಣ. ನಿಮ್ಮ ಮಾವನವರನ್ನೂ ಕರ್ಕೊಂಡು ಬನ್ನಿ," ಎಂದರು ಮೇಡಂ. ನಾನು ಅವರಿಂದ ಇದನ್ನು ನಿರೀಕ್ಷಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಮಾವನವರಿಗೆ ಹಳೆಯ ಬೂಟು ಹುಡುಕಿ ಹಾಕಿದರು. ಸೊಂಟಕ್ಕೆ ಆ ಚೀಲವನ್ನೂ ಕಟ್ಟಿದರು. "ಕಲ್ಲು ತಂದ್ರೆ ಒಳಗೆ ಬಿಡಲ್ಲ," ಎಂದು ಗದರಿಸಿ, ಜೀಪು ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತಿದ್ದರು. ದಾರಿಯುದ್ದಕ್ಕೂ ಮಾವ ಕಿಟಕಿಗೆ ಮುಖ ಆನಿಸಿಕೊಂಡೇ ಇದ್ದರು. ಬೆಟ್ಟವಿದ್ದ ಕಡೆ ಕ್ವಾರಿಯ ಗುಂಡಿ ಕಂಡಾಗ ಒಮ್ಮೆ ತಿರುಗಿ ನನ್ನನ್ನು ನೋಡಿದರು. ನಾನು ಅವರ ಕೈ ಹಿಡಿದುಕೊಂಡೆ.

ಸೇತುವೆಯ ಬಳಿ ಡ್ರೈವರ್ ಒಂದು ಕಡೆ, ನಾನೊಂದು ಕಡೆ ಹಿಡಿದು ಅವರನ್ನು ದಡಕ್ಕೆ ಇಳಿಸಿದೆವು. ಒಣಗಿದ ಕೆಸರಿನ ನಡುವೆ ಬೂದು ಬಂಡೆಗಳು ಒಂದೇ ಕಡೆಗೆ ವಾಲಿಕೊಂಡು ನಿಂತಿದ್ದವು. ಮೇಡಂ ಪುಸ್ತಕ ಬಿಚ್ಚಿ ಮೊದಲ ಬಂಡೆ ಗುರುತಿಸಿದರು. ನಾನು ಎಡ ಅಂಗೈ ಊರಿದೆ. ಮೇಡಂ ನನ್ನ ಹೆಬ್ಬೆರಳಿಗೆ ದಿಕ್ಸೂಚಿ ಹಿಡಿದರು. ಮುಳ್ಳು ಅಲ್ಲಾಡಿ, ಅಲ್ಲಾಡಿ, ನಿಂತಿತು.

"ಇನ್ನೂರ ಹದಿನಾಲ್ಕು," ಎಂದರು ಮೇಡಂ. ಪುಸ್ತಕ ನೋಡಿದರು. ಮತ್ತೆ ದಿಕ್ಸೂಚಿ ನೋಡಿದರು. "ಒಂದು ಡಿಗ್ರಿನೂ ಆಚೀಚೆ ಇಲ್ವಲ್ಲ."

ಐದೂ ಬಂಡೆ ಅಳೆದೆವು. ಐದಕ್ಕೆ ಐದೂ ಕೂಡಿಬಂದವು. ಮೇಡಂ ಕೊನೆಯ ಬಂಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ತಮ್ಮ ಟಿಪ್ಪಣಿ ಬರೆಯತೊಡಗಿದರು. ನಾನು ಮಾವನವರ ಎಡಗೈಯನ್ನು ಎತ್ತಿ ಬಂಡೆಯ ಮೇಲಿಟ್ಟೆ. ಬಿಸಿಲಿಗೆ ಬಂಡೆ ಬೆಚ್ಚಗಿತ್ತು. ಬೆರಳುಗಳನ್ನು ಬಿಡಿಸಲು ಹೋದರೆ ಅವರೇ ನನ್ನ ಕೈ ಸರಿಸಿ, ತಮ್ಮ ಬಲಗೈಯಿಂದ ಒಂದೊಂದಾಗಿ ಬಿಡಿಸಿಕೊಂಡರು. ಆ ಕೈಗೆ ಏನಾದರೂ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಬಹಳ ಹೊತ್ತು ಹಾಗೇ ನಿಂತಿದ್ದರು, ನಾವು ಯಾರೂ ಅವಸರ ಮಾಡಲಿಲ್ಲ.

"ಕೈವಾಡ ಅಂದ್ರೆ ಇದೇ ನೋಡಿ," ಎಂದರು ಮೇಡಂ, ಬರೆಯುವುದು ಮುಗಿಸಿ ಎದ್ದು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಮಾವನವರ ಎದುರು ಬಂದು ನಿಂತು, ದೊಡ್ಡವರ ಮುಂದೆ ನಿಲ್ಲುವ ಹಾಗೆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು. "ಸಾರ್, ಹಾಳೆ ಪೂರ್ತಿ ಹಾಕ್ತೀವಿ. ಕೆಳಗೆ, ‘ಈ ಹಾಳೆಯ ಅಳತೆಗಳನ್ನು ಎಡಗೈಯಿಂದ ತೆಗೆಯಲಾಗಿದೆ’ ಅಂತ ಒಂದು ಸಾಲು ಬರುತ್ತೆ. ಅದರ ಕೆಳಗೆ ನಿಮ್ಮ ಹೆಸರು. ಹಾಕಬಹುದಾ?"

"ಅಲ್ಲ," ಎಂದರು ಮಾವ, ಗಟ್ಟಿಯಾಗಿ.

ಮೇಡಂ ಮುಖ ಸಪ್ಪಗಾಯಿತು. ನನ್ನ ಕಡೆ ತಿರುಗಿದರು.

ನಾನು ಈ ಸಲ ಅವಸರ ಮಾಡಲಿಲ್ಲ. ಮಾವನವರ ಮುಖವನ್ನು ಸರಿಯಾಗಿ ನೋಡಿದೆ. ಹುಬ್ಬು ತನ್ನ ಜಾಗದಲ್ಲೇ ಇತ್ತು.

"ಹಾಕಿ ಮೇಡಂ," ಎಂದೆ. "ಹೌದು ಅಂತಿದ್ದಾರೆ."